ಏರ್‌ಪೋರ್ಟಿಗೆ ಹೆಸರಾದ ವಿದೇಶಾಂಗ ಮಂತ್ರಿ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಪ್ರಾಜೆಕ್ಟ್ ರಿಲೀಸು, ಆಮೇಲೆ ಆನ್‌ಸೈಟು, ಆಮೇಲೆ ಸುಮ್ಮನೆ ಸೋಮಾರಿತನ... ನೆಪಗಳಿಗೇನು ಬರ ಇಲ್ಲ ಬಿಡಿ.

ಕಳೆದ ವರ್ಷ ಆರು ವಾರದ ಮಟ್ಟಿಗೆ ಆಫೀಸಿನ ಕೆಲಸದ ಮೇಲೆ ಟೊರೊಂಟೊಗೆ ಹೋಗಿದ್ದೆ. ಒಂದು ಇಡೀ ದಿನ ವಿಮಾನದಲ್ಲೂ ವಿಮಾನ ನಿಲ್ದಾಣಗಳಲ್ಲೂ ಕಳೆದು, ಕೊನೆಗೆ ಇಳಿದು ಇಮಿಗ್ರೇಷನ್ ಕ್ಯೂನಲ್ಲಿ ನಿಂತಾಗ ಕಣ್ಣಿಗೆ ಬಿದ್ದದ್ದು ಏರ್‌ಪೋರ್ಟಿನ ಹೆಸರು: ಪಿಯರ್ಸನ್. ಯಾರಪ್ಪಾ ಈ ಪಿಯರ್ಸನ್ ಅಂದುಕೊಂಡೆ. ನನಗೆ ಗೊತ್ತಿದ್ದ ಪಿಯರ್ಸನ್ ಒಂದೇ. ಇಂಜಿನಿಯರಿಂಗ್ ಓದುವಾಗ ಅವೆನ್ಯೂ ರೋಡಿನಲ್ಲಿ ಸೆಕೆಂಡ್‌ಹ್ಯಾಂಡಾಗಿ ಕೊಂಡ ಪುಸ್ತಕಗಳ ಬೆನ್ನ ಮೇಲೆ ಇರುತ್ತಿದ್ದ ಪ್ರಕಾಶನದ ಹೆಸರು!

ಕ್ಯೂ ಉದ್ದ ಇತ್ತು, ವೈ-ಫೈ ಪುಕ್ಕಟೆ ಇತ್ತು. ಹುಡುಕಿದೆ. ಲೆಸ್ಟರ್ ಪಿಯರ್ಸನ್, 1948ರಿಂದ 1957ರವರೆಗೆ ಕೆನಡಾದ ವಿದೇಶಾಂಗ ಮಂತ್ರಿ, 1963ರಿಂದ 1968ರವರೆಗೆ ಪ್ರಧಾನಿ, 1957ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಇಷ್ಟು ಓದುವಷ್ಟರಲ್ಲಿ ನನ್ನ ಸರದಿ ಬಂತು. ಆದರೆ ಆ ಮನುಷ್ಯ ಮಾತ್ರ ತಲೆಯಿಂದ ಇಳಿಯಲಿಲ್ಲ. ಆರು ವಾರವೂ ಸಂಜೆ ಹೊತ್ತು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಯಾಕೆ ಅಂದರೆ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡು ಪಕ್ಷಗಳಿವೆ. ಯುದ್ಧದ ಸುದ್ದಿ ಬಂದಾಗಲೆಲ್ಲ ಒಬ್ಬ, "ಭಾರತ ಒಂದು ಮಾತು ಹೇಳಿದರೆ ಸಾಕು, ಎರಡೂ ಕಡೆಯವರು ಕೇಳ್ತಾರೆ" ಅನ್ನುತ್ತಾನೆ. ಇನ್ನೊಬ್ಬ, "ನಮ್ಮದೇ ನಮಗೆ ಹಾಸಿ ಹೊದೆಯುವಷ್ಟಿದೆ, ಊರ ಉಸಾಬರಿ ಯಾಕೆ?" ಅನ್ನುತ್ತಾನೆ. ನಾನು ಇಬ್ಬರ ಮಧ್ಯೆ ಮೊಸರನ್ನ ಕಲಸುತ್ತಾ ಕೂರುತ್ತೇನೆ. ಲೋಕದ ಶಾಂತಿಯಲ್ಲಿ ಒಂದು ದೇಶಕ್ಕೆ ನಿಜವಾಗಿ ಏನು ಕೆಲಸ ಇದೆ ಅನ್ನುವುದಕ್ಕೆ ನನಗೆ ಸಿಕ್ಕ ಮೊದಲ ಉತ್ತರ ಈ ಪಿಯರ್ಸನ್ ಅವರದ್ದು. ಅದಕ್ಕೇ ಬರೆಯುತ್ತಿದ್ದೇನೆ.

1956ರ ಸೂಯೆಜ್ ಕಥೆ ಶಾಲೆಯಲ್ಲಿ ಓದಿರುತ್ತೀರಿ. ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೂರೂ ಒಳಗೊಳಗೇ ಮಾತಾಡಿಕೊಂಡವು. ಅಕ್ಟೋಬರ್ 29ರಂದು ಇಸ್ರೇಲ್ ಸೈನಾಯ್‌ಗೆ ನುಗ್ಗಿತು. ಜಗಳ ಬಿಡಿಸುತ್ತೇವೆ ಅನ್ನುವ ಸೋಗಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಬಾಂಬು ಹಾಕಿದವು. ಭದ್ರತಾ ಮಂಡಳಿಯಲ್ಲಿ ಆ ಎರಡಕ್ಕೂ ವಿಟೋ ಇತ್ತು, ಚಲಾಯಿಸಿಯೂ ಬಿಟ್ಟವು. ಹಾಗಾಗಿ ವಿಷಯ ವಿಶ್ವಸಂಸ್ಥೆಯ ಮಹಾಸಭೆಗೆ ಹೋಯಿತು.

ಕೆನಡಾಗೆ ಇದು ಅತ್ತ ದರಿ ಇತ್ತ ಪುಲಿ. ಬ್ರಿಟನ್ ಅಂದರೆ ಅವರಿಗೆ ಬೇರೆ ದೇಶ ಅಲ್ಲ, ತವರುಮನೆ ಇದ್ದ ಹಾಗೆ. ರಾಣಿ ಒಬ್ಬಳೇ, ಎರಡು ಮಹಾಯುದ್ಧಗಳಲ್ಲಿ ಒಟ್ಟಿಗೆ ಸತ್ತವರು. ಮಹಾಸಭೆಯಲ್ಲಿ ಅಮೆರಿಕ ಕದನವಿರಾಮದ ನಿರ್ಣಯ ತಂದಿತು. ನವೆಂಬರ್ 2ರ ಬೆಳಗಿನ ಜಾವ ಅದಕ್ಕೆ ಪರವಾಗಿ 64 ಮತ, ವಿರುದ್ಧ 5. ಕೆನಡಾ ಯಾವ ಕಡೆಗೂ ಮತ ಹಾಕದೆ ತಟಸ್ಥವಾಗಿ ಉಳಿಯಿತು.

ಇಲ್ಲಿಯವರೆಗೆ ಓದಿದಾಗ ನನಗೆ ನಗು ಬಂತು. ಓಹೋ, ಇದು ನಮಗೂ ಗೊತ್ತಿರುವ ಆಟ ಅನ್ನಿಸಿತು. ಆದರೆ ಕಥೆ ಇರುವುದು ಅಲ್ಲಿಂದ ಮುಂದೆ. ಪಿಯರ್ಸನ್ ಎದ್ದು ನಿಂತು ತಾನ್ಯಾಕೆ ಮತ ಹಾಕಲಿಲ್ಲ ಅಂತ ವಿವರಿಸಿದರು. ಅವರ ವಾದದ ಸಾರ ಇಷ್ಟು: ಗುಂಡು ನಿಲ್ಲಿಸಿ, ಹಿಂದೆ ಹೋಗಿ ಅನ್ನುವುದು ಸರಿ, ಆದರೆ ಸಾಲದು. ಹಿಂದೆ ಹೋಗುವುದು ಎಲ್ಲಿಗೆ? ಯಾವ ಸ್ಥಿತಿ ಈ ಯುದ್ಧವನ್ನು ಹುಟ್ಟಿಸಿತೋ ಅದೇ ಸ್ಥಿತಿಗೆ. ಆದ್ದರಿಂದ ಒಂದು ರಾಜಕೀಯ ಇತ್ಯರ್ಥ ಆಗುವ ತನಕ ಗಡಿಯಲ್ಲಿ ನಿಲ್ಲುವುದಕ್ಕೆ ವಿಶ್ವಸಂಸ್ಥೆಯದ್ದೇ ಒಂದು ಪಡೆ ಬೇಕು. ಅದಕ್ಕೆ ಸೇರಲು ನಮ್ಮ ಸರ್ಕಾರಕ್ಕೆ ನಾನು ಶಿಫಾರಸು ಮಾಡುತ್ತೇನೆ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಪ್ರೊಡಕ್ಷನ್ ಬಿದ್ದಾಗ ಎಲ್ಲರೂ "ಸರ್ವರ್ ರೀಸ್ಟಾರ್ಟ್ ಮಾಡಿ, ಟಿಕೆಟ್ ಕ್ಲೋಸ್ ಮಾಡಿ" ಅನ್ನುತ್ತಿದ್ದರು. ಇವರು ಮಾತ್ರ ಮೂಲ ತೊಂದರೆ ಸರಿಮಾಡುವ ತನಕ ಯಾರು ಕಾವಲು ಕೂರುತ್ತೀರಿ ಅಂತ ಕೇಳಿದರು. ಕೇಳಿ ಸುಮ್ಮನಾಗದೆ, ನಾನು ಕೂರುತ್ತೇನೆ ಅಂತಲೂ ಹೇಳಿದರು.

ಎರಡು ದಿನ ಕಳೆದು, ನವೆಂಬರ್ 4ರ ಬೆಳಗಿನ ಜಾವ, ಕೆನಡಾದ ನಿರ್ಣಯ ಮಹಾಸಭೆಯಲ್ಲಿ ಪಾಸಾಯಿತು. 57 ಪರ, ವಿರುದ್ಧ ಒಂದೂ ಇಲ್ಲ, 19 ತಟಸ್ಥ. 48 ಗಂಟೆಯಲ್ಲಿ ಇಂಥದೊಂದು ಪಡೆಯ ಯೋಜನೆ ಕೊಡಿ ಅಂತ ಪ್ರಧಾನ ಕಾರ್ಯದರ್ಶಿ ಹ್ಯಾಮರ್‌ಷೋಲ್ಡ್ ಅವರಿಗೆ ಹೇಳುವ ನಿರ್ಣಯ. (ನಮ್ಮ ಮ್ಯಾನೇಜರುಗಳು ಕೊಡುವ ಡೆಡ್‌ಲೈನ್ ನೆನಪಾಯಿತು!) ಮೊದಲ ಸೈನಿಕರು ನವೆಂಬರ್ 15ಕ್ಕೆ ಈಜಿಪ್ಟಿನಲ್ಲಿ ಇಳಿದರು. ಇವರನ್ನು ಬೇರೆ ಸೈನ್ಯಗಳಿಂದ ಗುರುತಿಸುವುದು ಹೇಗೆ ಅನ್ನುವ ಪ್ರಶ್ನೆ ಬಂತು. ನೀಲಿ ಟೋಪಿ ಹೊಲಿಸಲು ಸಮಯ ಇರಲಿಲ್ಲ, ಇದ್ದ ಹೆಲ್ಮೆಟ್ಟುಗಳಿಗೇ ನೀಲಿ ಬಣ್ಣ ಬಳಿದರು. ಇವತ್ತು ಟಿವಿಯಲ್ಲಿ ಕಾಣುವ ನೀಲಿ ಹೆಲ್ಮೆಟ್ಟಿನ ಮೂಲ ಇದು.

ಹಾಗಂತ ಬ್ರಿಟನ್ ಯುದ್ಧ ನಿಲ್ಲಿಸಿದ್ದು ಪಿಯರ್ಸನ್ ಮಾತಿಗೆ ಮಾತ್ರ ಅಲ್ಲ. ಅಮೆರಿಕ ಬೆನ್ನಿಗೆ ನಿಲ್ಲಲಿಲ್ಲ, ಪೌಂಡ್ ಕುಸಿಯುತ್ತಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಸೋತವನಿಗೂ ಮಾನ ಉಳಿಸಿಕೊಂಡು ಹೊರಗೆ ಹೋಗಲು ಒಂದು ಬಾಗಿಲು ಬೇಕಲ್ಲ? "ನಮ್ಮ ಕೆಲಸವನ್ನು ವಿಶ್ವಸಂಸ್ಥೆ ವಹಿಸಿಕೊಂಡಿತು" ಅಂತ ಹೇಳಿಕೊಂಡು ಬ್ರಿಟನ್, ಫ್ರಾನ್ಸ್ ಡಿಸೆಂಬರ್ ಒಳಗೆ ಜಾಗ ಖಾಲಿ ಮಾಡಿದವು. ಆ ಬಾಗಿಲನ್ನು ಮಾಡಿಕೊಟ್ಟದ್ದು ಇವರು.

ಜಗಳ ಬಿಡಿಸಲು ಹೋದವನಿಗೇ ಮೊದಲ ಏಟು ಅಂತಾರಲ್ಲ, ಇವರಿಗೂ ಬಿತ್ತು, ಎರಡೂ ಕಡೆಯಿಂದ. ಕೆನಡಾ ಕಳಿಸಲು ಸಿದ್ಧಮಾಡಿದ್ದ ದಳದ ಹೆಸರು ಕ್ವೀನ್ಸ್ ಓನ್ ರೈಫಲ್ಸ್. ಸಮವಸ್ತ್ರ ಬ್ರಿಟಿಷರದ್ದರ ಹಾಗೇ, ಧ್ವಜದ ಮೂಲೆಯಲ್ಲಿ ಬ್ರಿಟನ್ನಿನ ಯೂನಿಯನ್ ಜ್ಯಾಕ್. ನಿನ್ನೆ ಮೊನ್ನೆ ಬಾಂಬು ಹಾಕಿದವರಿಗೂ ಇವರಿಗೂ ನಮ್ಮ ಜನ ವ್ಯತ್ಯಾಸ ಹೇಗೆ ಕಂಡುಹಿಡಿಯಬೇಕು ಅಂತ ನಾಸೆರ್ ತಕರಾರು ತೆಗೆದರು. ನ್ಯಾಯವಾದ ತಕರಾರೇ! ಕೊನೆಗೆ ಕೆನಡಾ ಆ ದಳವನ್ನು ಬಿಟ್ಟು ಸರಬರಾಜು, ಸಂಪರ್ಕ, ಸಾಗಾಟದ ಕೆಲಸದವರನ್ನು ಕಳಿಸಿತು. ಇತ್ತ ಮನೆಯಲ್ಲಿ, ತಾಯಿನಾಡಿನ ಬೆನ್ನಿಗೆ ಚೂರಿ ಹಾಕಿದ ಅಂತ ವಿರೋಧ ಪಕ್ಷದವರು ಬೈದರು. 1957ರ ಜೂನ್ ಚುನಾವಣೆಯಲ್ಲಿ ಅವರ ಲಿಬರಲ್ ಪಕ್ಷ ಸೋತಿತು, ಸೋಲಿನ ಕಾರಣಗಳಲ್ಲಿ ಸೂಯೆಜ್ ಕೂಡ ಒಂದು. ಮಂತ್ರಿ ಪದವಿ ಹೋದ ಕೆಲವು ತಿಂಗಳಿಗೆ ನೊಬೆಲ್ ಬಂತು. ಮುಂದೆ ಪ್ರಧಾನಿಯಾದಾಗ ಹಟ ಹಿಡಿದು ಧ್ವಜವನ್ನೇ ಬದಲಿಸಿದರು. ಈಗಿನ ಮೇಪಲ್ ಎಲೆಯ ಧ್ವಜ 1965ರ ಫೆಬ್ರವರಿಯಲ್ಲಿ ಬಂದದ್ದು.

ನೊಬೆಲ್ ಭಾಷಣದಲ್ಲಿ ಅವರು ಶಾಂತಿಗೆ ನಾಲ್ಕು ಮುಖ ಅಂದರು: ಸಮೃದ್ಧಿ, ಬಲ, ರಾಜನೀತಿ, ಜನ. ಬಲವನ್ನು ಬಿಡಲಿಲ್ಲ ನೋಡಿ. 1949ರಲ್ಲಿ ಕೆನಡಾದ ಪರವಾಗಿ ನೇಟೊ ಒಪ್ಪಂದಕ್ಕೆ ಸಹಿ ಹಾಕಿದವರೂ ಇವರೇ. ಹದಿಹರೆಯದಲ್ಲಿ ಮೊದಲ ಮಹಾಯುದ್ಧಕ್ಕೆ ಹೋಗಿ ವೈದ್ಯಕೀಯ ದಳದಲ್ಲಿ ಗಾಯಾಳುಗಳ ಸೇವೆ ಮಾಡಿದ ಮನುಷ್ಯನಿಗೆ ಶಾಂತಿ ಅಂದರೆ ಪಾರಿವಾಳ ಹಾರಿಸುವುದಲ್ಲ ಅಂತ ಗೊತ್ತಿತ್ತು. ಯುದ್ಧಕ್ಕಾದರೆ ದೈತ್ಯರ ಹಾಗೆ ತಯಾರಿ, ಶಾಂತಿಗಾದರೆ ಕುಳ್ಳರ ಹಾಗೆ ತಯಾರಿ ಮಾಡುತ್ತೇವೆ ಅನ್ನುವುದು ಅವರ ದೂರು.

ಹಾಗಾದರೆ ಅವರ ಯೋಜನೆ ಗೆದ್ದಿತೇ? ಅರ್ಧ ಗೆದ್ದಿತು. ಪಡೆ ಹತ್ತು ವರ್ಷ ನಿಂತಿತು, ಆ ಗಡಿ ಆ ಹತ್ತು ವರ್ಷ ಹೆಚ್ಚುಕಡಿಮೆ ತಣ್ಣಗಿತ್ತು. ಆದರೆ ಇಸ್ರೇಲ್ ತನ್ನ ಕಡೆ ಆ ಪಡೆಯನ್ನು ಬಿಟ್ಟುಕೊಳ್ಳಲೇ ಇಲ್ಲ. ಇನ್ನರ್ಧ, ಅಂದರೆ ಪಿಯರ್ಸನ್ ಆ ರಾತ್ರಿ ಹೇಳಿದ ರಾಜಕೀಯ ಇತ್ಯರ್ಥವನ್ನು ಯಾರೂ ಮಾಡಲಿಲ್ಲ. ಗುಂಡು ಹಾರುತ್ತಿಲ್ಲವಲ್ಲ, ಅವಸರ ಏನು ಅಂತ ಎಲ್ಲರೂ ಸುಮ್ಮನಾದರು. 1967ರ ಮೇ ತಿಂಗಳಲ್ಲಿ ನಾಸೆರ್ ಪಡೆ ಹೊರಡಲಿ ಅಂದರು, ಪಡೆ ಹೊರಟಿತು, ಜೂನ್ 5ಕ್ಕೆ ಯುದ್ಧ ಶುರುವಾಯಿತು. ಆಗ ಆ ಪಡೆಯ ಕಮಾಂಡರ್ ನಮ್ಮವರೇ ಆದ ಮೇಜರ್ ಜನರಲ್ ಇಂದರ್‌ಜಿತ್ ರಿಖೆ. ಇನ್ನೂ ಹೊರಡುವುದರಲ್ಲಿದ್ದ ಭಾರತದ ಸೈನಿಕರು ಗಾಜಾದಲ್ಲಿ ಆ ಯುದ್ಧದ ಗುಂಡುಗಳಿಗೆ ಸಿಕ್ಕಿ ಸತ್ತರು. ಯಾರದೋ ಜಗಳದ ಮಧ್ಯೆ ನಿಲ್ಲಲು ಹೋದವರು. ಗಾಜಾ ಹೆಸರು ಕೇಳಿದಾಗಲೆಲ್ಲ ಎಷ್ಟು ಜನಕ್ಕೆ ಇದು ನೆನಪಾಗುತ್ತದೆ?

ಕೆನಡಾ ಏನು ಮಾಡಿತು ಅಂದರೆ, ಆ ಅರ್ಧ ಕೆಲಸವನ್ನೇ ತನ್ನ ಗುರುತು ಮಾಡಿಕೊಂಡಿತು. ಒಟ್ಟಾವದಲ್ಲಿ ಶಾಂತಿಪಡೆಗೆ ಸ್ಮಾರಕ ಕಟ್ಟಿತು. 2001ರ ಹತ್ತು ಡಾಲರ್ ನೋಟಿನ ಮೇಲೆ ಶಾಂತಿಪಡೆಯ ಚಿತ್ರ ಹಾಕಿತು. ಸೈನಿಕರನ್ನು ಕಳಿಸುವುದು ಮಾತ್ರ ಕಡಿಮೆಯಾಗುತ್ತಾ ಹೋಯಿತು. ಕಳೆದ ಕೆಲವು ವರ್ಷಗಳಲ್ಲಿ ವಿಶ್ವಸಂಸ್ಥೆಯ ಪಡೆಗಳಲ್ಲಿರುವ ಕೆನಡಾದವರು ನೂರರ ಒಳಗೇ. 2010 ಮತ್ತು 2020ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ನಿಂತು ಎರಡು ಸಲವೂ ಸೋತಿತು. ಅಜ್ಜ ತುಪ್ಪ ತಿಂದ, ಮೊಮ್ಮಗನ ಕೈ ಮೂಸಿ ನೋಡಿ ಅಂದರೆ ಯಾರು ನಂಬುತ್ತಾರೆ?

ಇರಲಿ, ಕೆನಡಾವನ್ನು ಬೈದು ಪುಣ್ಯ ಕಟ್ಟಿಕೊಳ್ಳುವುದು ಸುಲಭ. ನಮ್ಮ ಕಥೆಗೆ ಬರೋಣ.

ವಾಪಸ್ ಬಂದ ಮೇಲೆ ಒಂದು ವೀಕೆಂಡು ಗೆಳೆಯರ ಜೊತೆ ಮಡಿಕೇರಿಗೆ ಹೋಗಿದ್ದೆ. ಎಲ್ಲರೂ ರಾಜಾಸೀಟು, ಅಬ್ಬಿ ಜಲಪಾತ ಅಂತ ಹೊರಟರೆ, ನಾನು ಹಟ ಮಾಡಿ ಸನ್ನಿಸೈಡ್‌ಗೆ ಕರೆದುಕೊಂಡು ಹೋದೆ. ಜನರಲ್ ಕೆ. ಎಸ್. ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯ. ನನಗೆ ಅಲ್ಲಿ ನೋಡಬೇಕಿದ್ದದ್ದು ತಿಮ್ಮಯ್ಯ ಮತ್ತು ಪಿಯರ್ಸನ್ ಒಂದೇ ದಾರದ ಎರಡು ತುದಿ ಅನ್ನುವ ಸಂಗತಿಯನ್ನು.

ಅದು ಹೇಗೆ ಅಂತೀರಾ? ಕೊರಿಯಾ ಯುದ್ಧ ನಿಲ್ಲದೆ ಇದ್ದುದಕ್ಕೆ 1952ರಲ್ಲಿ ಒಂದು ದೊಡ್ಡ ಕಾರಣ ಯುದ್ಧಕೈದಿಗಳು. ಊರಿಗೆ ವಾಪಸ್ ಹೋಗಲು ಒಪ್ಪದ ಕೈದಿಗಳನ್ನು ಬಲವಂತದಿಂದ ಕಳಿಸಬೇಕೇ, ಬೇಡವೇ? ಭಾರತದ ಕೃಷ್ಣ ಮೆನನ್ ಒಂದು ಮಧ್ಯದ ದಾರಿಯ ನಿರ್ಣಯ ಬರೆದರು. ಬಲವಂತ ಬೇಡ, ತಟಸ್ಥ ದೇಶಗಳ ಆಯೋಗ ಒಂದು ಕೈದಿಗಳನ್ನು ನೋಡಿಕೊಳ್ಳಲಿ. ಅಮೆರಿಕಕ್ಕೆ ಮೊದಲು ಇಷ್ಟವಾಗಲಿಲ್ಲ, ಸೋವಿಯತ್ ಒಕ್ಕೂಟ ಉಗಿಯಿತು. ಆಗ ಮಹಾಸಭೆಯ ಅಧ್ಯಕ್ಷರಾಗಿದ್ದವರು ಇದೇ ಪಿಯರ್ಸನ್. ಅಮೆರಿಕದ ಮುನಿಸನ್ನೂ ಲೆಕ್ಕಿಸದೆ ಮೆನನ್ ಅವರ ನಿರ್ಣಯಕ್ಕೆ ಒತ್ತಾಸೆಯಾದರು. ಡಿಸೆಂಬರಿನಲ್ಲಿ ಅದು ಪಾಸಾಯಿತು. 1953ರ ಜುಲೈ 27ರಂದು ಯುದ್ಧ ನಿಂತಾಗ ಕೈದಿಗಳ ವಿಷಯದಲ್ಲಿ ಉಪಯೋಗಕ್ಕೆ ಬಂದದ್ದು ಹೆಚ್ಚುಕಡಿಮೆ ಅದೇ ದಾರಿ. ಆ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು, ಭಾರತ ಕಳಿಸಿದ್ದು ಕೊಡಗಿನ ತಿಮ್ಮಯ್ಯನವರನ್ನು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು, ಎರಡೂ ಕಡೆಯವರ ಅನುಮಾನ, ಮಧ್ಯೆ ನಮ್ಮ ಸೈನಿಕರು.

ಮುಂದೆ 1964ರಲ್ಲಿ ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟವಾದಾಗ ಪಿಯರ್ಸನ್ ಪ್ರಧಾನಿಯಾಗಿ ಕೆನಡಾದ ಸೈನಿಕರನ್ನು ಕಳಿಸಿದರು. ಆ ವರ್ಷ ಜುಲೈನಲ್ಲಿ ಆ ಪಡೆಯ ಕಮಾಂಡರ್ ಆಗಿ ಬಂದವರು ತಿಮ್ಮಯ್ಯ. ಅಂದರೆ ಪಿಯರ್ಸನ್ ಕಳಿಸಿದ ಹುಡುಗರು ನಮ್ಮ ಕೊಡಗಿನ ಜನರಲ್ ಕೈಕೆಳಗೆ ಕೆಲಸ ಮಾಡಿದರು! 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಸೈಪ್ರಸ್‌ನಲ್ಲೇ, ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಅಂದ ಹಾಗೆ, ಆ ಪಡೆ ಅರವತ್ತು ವರ್ಷ ದಾಟಿದರೂ ಸೈಪ್ರಸ್ ಬಿಟ್ಟು ಬಂದಿಲ್ಲ. ಇತ್ಯರ್ಥ ಇನ್ನೂ ಆಗಿಲ್ಲ.

ಸೈನಿಕರನ್ನು ಕೊಡುವುದರಲ್ಲಿ ಭಾರತ ಯಾವತ್ತೂ ಹಿಂದೆ ಬಿದ್ದಿಲ್ಲ. ಇದುವರೆಗೆ ಎರಡೂ ಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಜನ ಹೋಗಿ ಬಂದಿದ್ದಾರೆ, ಸುಮಾರು 180 ಜನ ಪ್ರಾಣ ಕೊಟ್ಟಿದ್ದಾರೆ. ಅರಕಲಗೂಡು ಕಡೆಯ ನಮ್ಮ ಸೋದರಮಾವ ಹೀಗೆ ಕಾಂಗೋಗೆ ಹೋಗಿ ಬಂದವರು. ಗೋಮಾ ಅನ್ನುವ ಊರಿನ ಹತ್ತಿರ ಅವರ ಕ್ಯಾಂಪ್. ವಿಶ್ವಸಂಸ್ಥೆಯ ದುಡ್ಡಿನಲ್ಲೇ ಮನೆಗೆ ತಾರಸಿ ಹಾಕಿಸಿದ್ದು ಅಂತ ಅವರೇ ನಗುತ್ತಾ ಹೇಳುತ್ತಾರೆ. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಗೋಮಾವನ್ನು ಹಿಡಿದರು. ಆ ವಾರ ಊರಿಗೆ ಹೋದಾಗ ಮಾವ ಮೊಬೈಲಿನಲ್ಲಿ ಅದೇ ವಿಡಿಯೋ ನೋಡುತ್ತಾ ಕೂತಿದ್ದರು.

"ನೋಡೋ, ಈ ರಸ್ತೆಲೇ ಕಣೋ ನಾವು ಗಸ್ತು ತಿರುಗ್ತಿದ್ದಿದ್ದು" ಅಂದರು.

"ನೀವು ಅಷ್ಟು ವರ್ಷ ಕಾದಿದ್ದು ವೇಸ್ಟ್ ಆಯ್ತಲ್ಲ ಮಾವ" ಅಂದೆ, ಬುದ್ಧಿ ಇಲ್ಲದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ವೇಸ್ಟ್ ಯಾಕಾಗುತ್ತೋ. ನಾವಿದ್ದಷ್ಟು ದಿನ ಆ ರಸ್ತೇಲಿ ಹೆಂಗಸರು ಸಂತೆಗೆ ಹೋಗ್ತಿದ್ರು. ನಮ್ಮ ಕೆಲಸ ಅಷ್ಟೇ. ಮಿಕ್ಕಿದ್ದು ದೊಡ್ಡೋರು ಮಾಡ್ಬೇಕಿತ್ತು" ಅಂದರು.

ಪಿಯರ್ಸನ್ ನವೆಂಬರ್ 2ರಂದು ಹೇಳಿದ್ದೂ ಇದನ್ನೇ. ಸೈನಿಕ ಸಮಯವನ್ನು ಸಂಪಾದಿಸಿ ಕೊಡುತ್ತಾನೆ. ಆ ಸಮಯವನ್ನು ಬಳಸಿ ಇತ್ಯರ್ಥ ಮಾಡುವುದು ಮಂತ್ರಿಗಳ ಕೆಲಸ.

ಆ ಎರಡನೇ ಕೆಲಸದಲ್ಲಿ ನಾವು ಹೇಗಿದ್ದೇವೆ? ಸೂಯೆಜ್ ನಡೆದ ಅದೇ ವಾರ ಸೋವಿಯತ್ ಟ್ಯಾಂಕುಗಳು ಹಂಗೆರಿಗೆ ನುಗ್ಗಿದವು. ಬ್ರಿಟನ್ನನ್ನು ತಕ್ಷಣ ಖಂಡಿಸಿದ ನೆಹರೂ (ಆಗ ವಿದೇಶಾಂಗ ಮಂತ್ರಿಯೂ ಅವರೇ) ಹಂಗೆರಿಯ ವಿಷಯದಲ್ಲಿ ಬಾಯಿ ಬಿಡಲು ತಡಮಾಡಿದರು. ವಿಶ್ವಸಂಸ್ಥೆಯ ನಿಗಾದಲ್ಲಿ ಹಂಗೆರಿಯಲ್ಲಿ ಚುನಾವಣೆ ಆಗಲಿ ಎಂಬ ಮಾತಿದ್ದ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. 2022ರ ಮಾರ್ಚ್ 2ರಂದು ಉಕ್ರೇನ್ ಮೇಲಿನ ದಾಳಿಯನ್ನು ಮಹಾಸಭೆ ಖಂಡಿಸಿದಾಗ ನಾವು ತಟಸ್ಥ. ಯುರೋಪಿನ ಸಮಸ್ಯೆ ಲೋಕದ ಸಮಸ್ಯೆ, ಲೋಕದ ಸಮಸ್ಯೆ ಮಾತ್ರ ಯುರೋಪಿನದ್ದಲ್ಲ ಅನ್ನುವ ಧೋರಣೆಯಿಂದ ಯುರೋಪು ಹೊರಗೆ ಬರಬೇಕು ಅಂತ ಅದೇ ವರ್ಷ ಜೂನ್‌ನಲ್ಲಿ ನಮ್ಮ ವಿದೇಶಾಂಗ ಮಂತ್ರಿ ಜೈಶಂಕರ್ ಬ್ರಾಟಿಸ್ಲಾವಾದಲ್ಲಿ ಹೇಳಿದರು. ವಿಡಿಯೋ ಎಲ್ಲರ ವಾಟ್ಸಾಪಿಗೂ ಬಂತು, ನಾನೂ ಫಾರ್ವರ್ಡ್ ಮಾಡಿದೆ. ಮಾತು ಸತ್ಯ ಕೂಡ. ಪ್ರಧಾನಿ 2022ರಲ್ಲಿ ಪುಟಿನ್ ಎದುರೇ ಇದು ಯುದ್ಧದ ಕಾಲವಲ್ಲ ಅಂದದ್ದು, 2024ರಲ್ಲಿ ಕೀವ್‌ಗೆ ಹೋಗಿ ಬಂದದ್ದು ಎಲ್ಲ ಒಪ್ಪತಕ್ಕದ್ದೇ.

ಆದರೆ ಸರಿಯಾಗಿ ತಿರುಗೇಟು ಕೊಡುವುದು ಬೇರೆ, ಯುದ್ಧ ನಿಲ್ಲಿಸುವ ಕಾಗದ ಬರೆಯುವುದು ಬೇರೆ. ತಟಸ್ಥವಾಗಿ ಉಳಿದದ್ದು ನನ್ನ ತಕರಾರಲ್ಲ. ನಮಗೆ ಎಣ್ಣೆ ಬೇಕು, ಗೊಬ್ಬರ ಬೇಕು, ಬಿಡಿಭಾಗಗಳು ಬೇಕು. ಪಿಯರ್ಸನ್ ಕೂಡ ತಟಸ್ಥವಾಗೇ ಉಳಿದಿದ್ದರು. ಆದರೆ ತಟಸ್ಥವಾಗಿದ್ದೇವೆ ಅಂದಮೇಲೆ ಆ ಜಾಗದಿಂದ ಏನು ಮಾಡಿದಿರಿ ಅನ್ನುವ ಪ್ರಶ್ನೆ ಬರುತ್ತದೆ. ಎರಡೇ ದಿನದಲ್ಲಿ ಅವರು ಯೋಜನೆ ಇಟ್ಟರು, ಅದಕ್ಕೆ ತಮ್ಮ ಸೈನಿಕರನ್ನು ಇಟ್ಟರು, ತಮ್ಮ ಕುರ್ಚಿಯನ್ನೂ ಪಣಕ್ಕಿಟ್ಟರು. 1952ರಲ್ಲಿ ಮೆನನ್ ಕೂಡ ನಿರ್ಣಯವನ್ನೇ ಬರೆದು ತಂದಿದ್ದರು. ಆಗಿನ ಭಾರತದ ಬಳಿ ಈಗಿನಷ್ಟು ದುಡ್ಡೂ ಇರಲಿಲ್ಲ, ಬಲವೂ ಇರಲಿಲ್ಲ.

ಪಿಯರ್ಸನ್ ದೇವರೇನಲ್ಲ. ಪ್ರಧಾನಿಯಾದಾಗ ಅಮೆರಿಕದ ಅಣು ಸಿಡಿತಲೆಗಳನ್ನು ಕೆನಡಾದಲ್ಲಿ ಇಡಲು ಒಪ್ಪಿದರು. ಆದರೆ 1965ರಲ್ಲಿ ಅಮೆರಿಕದ ನೆಲದಲ್ಲೇ ನಿಂತು, ವಿಯೆಟ್ನಾಂ ಮೇಲಿನ ಬಾಂಬು ಸ್ವಲ್ಪ ನಿಲ್ಲಿಸಿ ಅಂದರು. ಮರುದಿನ ಅಧ್ಯಕ್ಷ ಜಾನ್ಸನ್ ಅವರ ಕೋಟಿನ ಕೊರಳು ಹಿಡಿದು ಕೂಗಾಡಿದರಂತೆ. ದೊಡ್ಡ ಗೆಳೆಯನಿಗೆ ಇಷ್ಟವಾಗದ್ದನ್ನು ಒಂದಾದರೂ ಸಲ ಹೇಳದೆ ಶಾಂತಿದೂತ ಅನ್ನಿಸಿಕೊಳ್ಳಲು ಆಗುವುದಿಲ್ಲ ಅಂತ ನನಗನ್ನಿಸುತ್ತದೆ.

ಮೊನ್ನೆ ಊಟದ ಟೇಬಲ್ಲಿನಲ್ಲಿ ಮತ್ತೆ ಅದೇ ಚರ್ಚೆ ಬಂತು. ಈ ಸಲ ನಾನು ಬಾಯಿಬಿಟ್ಟೆ. ಇನ್ನು ಮುಂದೆ ಯಾವ ದೇಶದ ವಿದೇಶಾಂಗ ಮಂತ್ರಿ ಶಾಂತಿಯ ಬಗ್ಗೆ ಮಾತಾಡಿದರೂ, ಭಾಷಣ ಮುಗಿದ ಎರಡು ದಿನಕ್ಕೆ ಏನು ಮಾಡಿದರು ಅಂತ ನೋಡೋಣ, ಆಮೇಲೆ ಚಪ್ಪಾಳೆ ಹೊಡೆಯೋಣ ಅಂದೆ. "ಊರ ಉಸಾಬರಿ" ಪಕ್ಷದವನು, "ನಮ್ಮ ಸೈನಿಕರು ಯಾಕೆ ಸಾಯಬೇಕು ಹೇಳು" ಅಂದ. ಆ ಪ್ರಶ್ನೆಗೆ ಸುಲಭದ ಉತ್ತರ ನನ್ನ ಹತ್ತಿರ ಇರಲಿಲ್ಲ. ಮಾವ ಹೇಳಿದ ಸಂತೆಗೆ ಹೋಗುವ ಹೆಂಗಸರ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನೀವೇನಂತೀರಿ?